ಗೌರಿ ಹುಣ್ಣಿಮೆಗೆ ಹೆಸರಿನ ಸಕ್ಕರೆ ಗೊಂಬೆ



ದೀಪಾವಳಿಯ ಸಡಗರ ಮುಗಿದು ಹದಿನೈದು ದಿನಕ್ಕೆ ನಮ್ಮ ಕಡೆ ಗೌರಿ ಹುಣ್ಣಿಮೆ ಬರುತ್ತದೆ. ಕಾರ್ತಿಕದ ಆ ಬೆಳುದಿಂಗಳಿನಲ್ಲಿ ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪವಿರಿಸಿ, ಹಾಡು ಹೇಳುತ್ತ ಗೌರಮ್ಮನಿಗೆ ಆರತಿ ಬೆಳಗಲು ಹೋಗುತ್ತಾರೆ. ಮೈಸೂರು ಸೀಮೆಯವರು ಸಕ್ಕರೆ ಅಚ್ಚನ್ನು ಸಂಕ್ರಾಂತಿಯ ಎಳ್ಳಿನೊಡನೆ ಬೀರುವರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದರೆ ನಮಗೆ ಸಕ್ಕರೆ ಆರತಿಯ ನೆನಪಾಗುವುದು ಈ ಹುಣ್ಣಿಮೆಯಲ್ಲಿ.

ಹಬ್ಬ ಹತ್ತಿರ ಬಂದಂತೆ ಆನೆ, ಕುದುರೆ, ತೇರು, ಗಿಳಿ, ನವಿಲು ಎಲ್ಲವೂ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಕೊಂಡು ತಂದರೆ ತಪ್ಪೇನೂ ಇಲ್ಲ. ಆದರೂ ಈ ಸಲ ಒಂದು ಕೆ.ಜಿ. ಸಕ್ಕರೆಯನ್ನಾದರೂ ಮನೆಯಲ್ಲಿ ಎರೆದು, ಒಬ್ಬೊಬ್ಬರ ಗೊಂಬೆಯ ಮೇಲೆ ಅವರವರ ಹೆಸರು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಏಕೆಂದು ಹೇಳುತ್ತೇನೆ, ಕೇಳಿ.

ಮದುವೆ ಗೊತ್ತಾದ ಹುಡುಗಿಗೆ ಬೀಗರ ಮನೆಯಿಂದ ಸೀರೆ, ಹೂವಿನೊಡನೆ ಸಕ್ಕರೆ ಆರತಿ ಬರುವುದು ಪದ್ಧತಿ. "ಎಷ್ಟು ಕೆ.ಜಿ. ತಂದರು?" ಎಂದು ಓಣಿಯವರು ವಿಚಾರಿಸುವುದೂ ಪದ್ಧತಿಯೇ ಆಗಿಬಿಟ್ಟಿದೆ, ಅದು ನನಗೆ ಎಂದೂ ಸರಿಬಂದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕನಿಗೆ ಗೊತ್ತಾಗಿದ್ದ ಸಂಬಂಧ ಹುಣ್ಣಿಮೆಗೆ ಒಂದು ವಾರ ಇರುವಾಗ ತಪ್ಪಿಹೋಯಿತು. ಆರತಿ ಬರಲಿಲ್ಲ. ಅಕ್ಕ ಗುಡಿಗೆ ಬರುವುದಿಲ್ಲವೆಂದು ಕೋಣೆ ಸೇರಿದಳು. ಅಜ್ಜಿ ಏನೂ ಮಾತಾಡದೆ ಅಟ್ಟದಿಂದ ಮರದ ಅಚ್ಚುಗಳನ್ನು ಇಳಿಸಿದಳು. "ಬೀಗರು ಸಕ್ಕರೆ ಕಳಿಸಿದರಷ್ಟೇ ಗೌರಿ ಬರ್ತಾಳೇನು?" ಎಂದವಳೇ ಒಲೆ ಹೊತ್ತಿಸಿದಳು. ಮನೆಯ ಏಳು ಮಕ್ಕಳಿಗೆ ಏಳು ಗೊಂಬೆ. ಎಲ್ಲಕ್ಕಿಂತ ಎತ್ತರದ ತೇರಿನ ಮೇಲೆ ಅಕ್ಕನ ಹೆಸರು. ಅಕ್ಷರ ಸೊಟ್ಟಗಿತ್ತು, ಅಜ್ಜಿ ಓದಿದವಳಲ್ಲ, ನಾನು ಸ್ಲೇಟಿನ ಮೇಲೆ ಬರೆದುಕೊಟ್ಟದ್ದನ್ನು ನೋಡಿ ತಿದ್ದಿದ್ದಳು. ಆ ಸಂಜೆ ಅಕ್ಕ ನಮ್ಮೊಡನೆ ಗುಡಿಗೆ ಬಂದಳು.

ಇನ್ನು ಮಾಡುವ ಬಗೆ. ಮರದ ಅಚ್ಚುಗಳು ಎರಡು ಹೋಳಿನವು. ಅವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಪಾಕ ಕಚ್ಚಿಕೊಂಡರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ಎರೆಯುವ ಮುನ್ನ ತೇವ ಒರೆಸಿ, ಹೋಳುಗಳನ್ನು ಕೂಡಿಸಿ ದಾರದಿಂದ ಬಿಗಿಯಾಗಿ ಕಟ್ಟಿರಿ. ಸಕ್ಕರೆ ಮುಳುಗುವಷ್ಟೇ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಡಿ. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ಒಲೆಗಿಡಿ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ಆಗ ಇಳಿಸಿ, ಪಾಕ ಮಂಜುಮಂಜಾಗಿ ಬೆಳ್ಳಗಾಗುವವರೆಗೆ ಸೌಟಿನಿಂದ ತಿರುವಿ, ತಡಮಾಡದೆ ಎರೆಯಿರಿ. ಈ ತಿರುವುವಿಕೆಯಲ್ಲೇ ಎಲ್ಲ ಇದೆ: ಆಗಲೇ ಸಕ್ಕರೆ ಸಣ್ಣ ಸಣ್ಣ ಹರಳುಗಳಾಗಿ ಕಟ್ಟುವುದು. ಕೆಲವರು ಬಿಳುಪಿಗೆಂದು ನಿಂಬೆರಸ ಹಿಂಡುತ್ತಾರೆ. ಹುಳಿ ಹೆಚ್ಚಾದರೆ ಸಕ್ಕರೆ ಒಡೆದು ಹರಳುಗಟ್ಟದೆ ಅಂಟಾಗುತ್ತದೆ, ಗೊಂಬೆ ನಿಲ್ಲುವುದಿಲ್ಲ. ಹತ್ತು ನಿಮಿಷದ ಮೇಲೆ ದಾರ ಬಿಚ್ಚಿ, ಅಚ್ಚನ್ನು ಮೆಲ್ಲಗೆ ತಟ್ಟಿ ಬಿಡಿಸಿ. ಕುದಿಯುವ ಪಾಕ ನೀರಿಗಿಂತ ಬಹಳ ಬಿಸಿ, ಚರ್ಮಕ್ಕೆ ಅಂಟಿಕೊಂಡೂ ಬಿಡುತ್ತದೆ. ಎರೆಯುವಾಗ ಮಕ್ಕಳು ಒಲೆಯ ಹತ್ತಿರ ಬೇಡವೇ ಬೇಡ.

ಮಕ್ಕಳ ಕೆಲಸ ಆಮೇಲೆ, ಹೆಸರು ಬರೆಯುವಾಗ. ನುಣ್ಣಗೆ ಪುಡಿ ಮಾಡಿದ ಸಕ್ಕರೆಗೆ ಹನಿಹನಿಯಾಗಿ ನೀರು ಬೆರೆಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಶುಭ್ರವಾದ ಕಾಗದವನ್ನು ಮೆಹಂದಿಯ ಕೋನಿನಂತೆ ಸುತ್ತಿ, ಅದರಲ್ಲಿ ತುಂಬಿ, ತುದಿ ಸ್ವಲ್ಪವೇ ಕತ್ತರಿಸಿ. ಆನೆಯ ಹೊಟ್ಟೆ, ತೇರಿನ ಪೀಠ ಬರೆಯಲು ಅನುಕೂಲ. ಗಿಳಿಯ ಮೇಲೆ ಒಂದಕ್ಷರವೇ ಸಾಕು. ದೂರದ ಮೆಕ್ಸಿಕೋ ದೇಶದವರೂ ಹೀಗೆಯೇ ಅಚ್ಚಿನಲ್ಲಿ ಸಕ್ಕರೆಯ ತಲೆಬುರುಡೆ ಮಾಡಿ, ಹಣೆಯ ಮೇಲೆ ಹೆಸರು ಬರೆಯುತ್ತಾರೆ. ನವೆಂಬರ್ 1 ಮತ್ತು 2ರಂದು ಅವರು ಸತ್ತ ಹಿರಿಯರನ್ನು ನೆನೆಯುವ ಹಬ್ಬ ಅದು. ತಲೆಬುರುಡೆಯೆಂದರೆ ನಮಗೆ ಮೈ ಜುಮ್ಮೆನ್ನಬಹುದು. ಅವರಿಗೆ ಅದು ಅಕ್ಕರೆಯ ಉಡುಗೊರೆ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದೆಂದು ಆಜ್ಞೆ ಮಾಡಿದ್ದು ನೆನಪಿರಬಹುದು. ರೋಡಮಿನ್-ಬಿ ಎಂಬುದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗಲ್ಲ. ಹಳದಿಗೆ ಚಿಟಿಕೆ ಅರಿಶಿನ ಸಾಕು. ಗುಲಾಬಿ ಬೇಕಾದರೆ ಬೀಟ್‌ರೂಟಿನ ರಸವನ್ನು ಹೆಸರು ಬರೆಯುವ ಸಕ್ಕರೆಗೇ ಬೆರೆಸಿ. ಕುದಿಯುವ ಪಾಕಕ್ಕೆ ಹಾಕಿದರೆ ಬಣ್ಣ ಮಾಸುತ್ತದೆ. ಬಿಳಿಯ ಗೊಂಬೆ, ಗುಲಾಬಿ ಅಕ್ಷರ, ಇಷ್ಟಕ್ಕಿಂತ ಅಂದ ಇನ್ನೇನು ಬೇಕು!

ಮಕ್ಕಳನ್ನು ಎಣಿಸುವಾಗ ಗಂಡುಹುಡುಗರನ್ನು ಬಿಡಬೇಡಿ. ಮನೆಗೆಲಸಕ್ಕೆ ಬರುವಾಕೆಯ ಮಗಳ ಹೆಸರನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಗೊಂಬೆ ಪೂರ್ತಿ ಒಣಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ; ಗಾಳಿಯ ತೇವಕ್ಕೆ ಅಕ್ಷರ ಕರಗುತ್ತದೆ, ಇರುವೆಯ ಕಾಟ ಬೇರೆ. ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತವೆ. ಮುರಿದ ಬಾಲ, ಕಿವಿ, ರೆಕ್ಕೆಗಳು ಎಷ್ಟಾದರೂ ಉಳಿಯುತ್ತವೆ. ನಮ್ಮ ಮನೆಯಲ್ಲಿ ಒಂದು ವಾರ ಕಾಫಿಗೆ ಬೇರೆ ಸಕ್ಕರೆ ಹಾಕುವುದಿಲ್ಲ.