ಮೂರನೆಯ ಸಾಲಿನ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಅಥವಾ ನಾಗಮಂಗಲ ತಾಲ್ಲೂಕಿನ ಕುಟುಂಬವೊಂದು ಐದು ಆಸನಗಳ ಕಾರು ಸಾಲದೆಂದು ಏಳು ಆಸನಗಳ ಎಸ್‌ಯುವಿ ಕೊಳ್ಳಲು ಮನಸ್ಸು ಮಾಡಿದಾಗ, ಅದು ಹೆಚ್ಚುವರಿಯಾಗಿ ತೆರುವ ಹಣದ ದೊಡ್ಡ ಪಾಲು ಸಲ್ಲುವುದು ವಾಹನದ ಹಿಂಬದಿಯಲ್ಲಿ ಇಬ್ಬರಿಗಾಗಿ ಇರಿಸಿದ ಮೂರನೆಯ ಸಾಲಿಗೆ. ಆದರೆ ಷೋರೂಮಿನಲ್ಲಿ ಕೊಳ್ಳುವವರ ಪರೀಕ್ಷೆಯೆಲ್ಲ ಸ್ಟಿಯರಿಂಗಿನ ಮುಂದಿನ ಪರದೆ, ಛಾವಣಿಯ ಗಾಜು, ಚಕ್ರದ ಅಲಂಕಾರ ಇವುಗಳಲ್ಲೇ ಮುಗಿದು, ಕೊನೆಯ ಸಾಲನ್ನು ಡಿಕ್ಕಿಯ ಬಾಗಿಲು ಎತ್ತಿ ಹೊರಗಿನಿಂದಲೇ ನೋಡಿ ಬಿಡುವುದು ವಾಡಿಕೆಯಾಗಿದೆ. ಯಾವ ಸಾಲಿಗಾಗಿ ವಾಹನವನ್ನು ಕೊಳ್ಳಲಾಗುತ್ತದೆಯೋ ಅದೇ ಸಾಲು ಅತ್ಯಂತ ಕಡಿಮೆ ಪರೀಕ್ಷೆಗೆ ಒಳಗಾಗುವುದರಿಂದ, ಆಯ್ಕೆಯ ವಿಚಾರವನ್ನು ಅಲ್ಲಿಂದಲೇ ಆರಂಭಿಸುವುದು ಸೂಕ್ತವಾಗಿದೆ.

ಈ ಸೀಮೆಗೆ ಬಹುಜನರ ವಾಹನ ಹೊಸತಲ್ಲ. ಟೆಂಪೋ ಟ್ರ್ಯಾಕ್ಸ್, 1994ರಲ್ಲಿ ಬಂದ ಟಾಟಾ ಸುಮೊ ಮೊದಲಾದವುಗಳಲ್ಲಿ ಹಿಂಬದಿಯ ಜನ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಅಡ್ಡಡ್ಡಲಾಗಿ ಕೂರುತ್ತಿದ್ದರು. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು, ಇಂಡೋನೇಷ್ಯಾದಲ್ಲಿ 1977ರಿಂದ ತಯಾರಾಗುತ್ತಿದ್ದ ಕಿಜಾಂಗ್ ಎಂಬ ವಾಹನದ ವಂಶಕ್ಕೆ ಸೇರಿದ ಕ್ವಾಲಿಸ್ ಅನ್ನು 2000ದಲ್ಲಿ ಮಾರುಕಟ್ಟೆಗೆ ತಂದು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾವನ್ನು ತಂದಿತು. ಮೂರು ಸಾಲಿನವರೂ ಮುಂದಕ್ಕೆ ಮುಖಮಾಡಿ, ದೂರದ ತಿರುಪತಿಗೋ ಧರ್ಮಸ್ಥಳಕ್ಕೋ ದಣಿಯದೆ ಹೋಗಿಬರಬಹುದೆಂಬ ನಿರೀಕ್ಷೆಯನ್ನು ಬಾಡಿಗೆಯ ಇನ್ನೋವಾಗಳೇ ಹಳ್ಳಿಹಳ್ಳಿಗಳಲ್ಲಿ ಬೆಳೆಸಿದವು ಎನ್ನಬಹುದು. ಇಂದಿನ ಎಸ್‌ಯುವಿಗಳನ್ನು ಜನ ಅಳೆಯುವುದೂ ಆ ನಿರೀಕ್ಷೆಯಿಂದಲೇ. ಆದರೆ ಎಲ್ಲ ಎಸ್‌ಯುವಿಗಳೂ ಆ ಅಳತೆಗೆ ಒದಗುವುದಿಲ್ಲ.

ಅದಕ್ಕೆ ಮೊದಲ ಕಾರಣ ವಾಹನದ ಕಟ್ಟಡದಲ್ಲಿದೆ. ಎತ್ತಿನ ಗಾಡಿಯ ಮೂಕಿ ಮತ್ತು ಅಡ್ಡಪಟ್ಟಿಗಳ ಮೇಲೆ ಬೇರೆಯಾಗಿ ಪೆಟ್ಟಿಗೆಯನ್ನು ಕೂರಿಸಿದಂತೆ, ಉಕ್ಕಿನ ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬೆಸೆದು ಅದರ ಮೇಲೆ ಮೈಯನ್ನು ಬಿಗಿಯುವ ವಿಧಾನಕ್ಕೆ ಲ್ಯಾಡರ್ ಫ್ರೇಮ್ ಎಂದು ಹೆಸರು. ಮಹೀಂದ್ರಾ ಸ್ಕಾರ್ಪಿಯೊ ಎನ್ ಮತ್ತು ಇನ್ನೋವಾ ಕ್ರಿಸ್ಟಾ ಈ ಬಗೆಯವು. ನೆಲ, ಗೋಡೆ, ಛಾವಣಿಗಳೆಲ್ಲ ಒಂದೇ ಚಿಪ್ಪಾಗಿ ಬೆಸೆದುಕೊಂಡು, ತಾವೇ ಭಾರವನ್ನು ಹೊರುವ ಇನ್ನೊಂದು ವಿಧಾನವನ್ನು ಮಾನೋಕಾಕ್ ಎನ್ನುತ್ತಾರೆ. 2021ರಲ್ಲಿ ಬಂದ ಹೊಸ ಟಾಟಾ ಸಫಾರಿ, ಅದೇ ವರ್ಷದ ಎಕ್ಸ್‌ಯುವಿ 700, 2022ರಲ್ಲಿ ಬಿಡದಿಯಿಂದಲೇ ಹೊರಬಂದ ಇನ್ನೋವಾ ಹೈಕ್ರಾಸ್ ಈ ಗುಂಪಿಗೆ ಸೇರುತ್ತವೆ. ಮೊದಲನೆಯದು ಹೊಲದ ದಾರಿಯ ಕೊರಕಲುಗಳನ್ನು ವರ್ಷಗಟ್ಟಲೆ ತಡೆದುಕೊಳ್ಳುವುದಾದರೂ, ತೊಲೆಗಳ ಎತ್ತರದಷ್ಟು ನೆಲವೂ ಮೇಲೇರುವುದರಿಂದ ಹತ್ತುವುದು ಕಷ್ಟ. ಎರಡನೆಯದು ತಗ್ಗಿನಲ್ಲಿದ್ದು, ತಿರುವಿನಲ್ಲಿ ಕಡಿಮೆ ವಾಲುತ್ತದೆ. ಇನ್ನೋವಾ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕಟ್ಟಡಗಳಿವೆಯೆಂಬುದನ್ನು ಮಾರಾಟಗಾರರು ತಾವಾಗಿ ವಿವರಿಸಿ ಹೇಳುವುದು ವಿರಳ.

ಈ ಭೇದದ ಜೊತೆಗೆ, ಎಂಜಿನ್ನಿನ ಬಲ ಯಾವ ಚಕ್ರಗಳಿಗೆ ಸಲ್ಲುತ್ತದೆಂಬ ಭೇದವೂ ಸಾಮಾನ್ಯವಾಗಿ ಕೂಡಿಕೊಂಡಿರುತ್ತದೆ. ಏಳು ಜನ ಕೂತು ಡಿಕ್ಕಿಯೂ ತುಂಬಿದಾಗ ವಾಹನದ ಭಾರ ಹಿಂದಕ್ಕೆ ಸರಿಯುತ್ತದೆ, ಏರುದಾರಿಯಲ್ಲಿ ಇನ್ನಷ್ಟು ಸರಿಯುತ್ತದೆ. ಆದ್ದರಿಂದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಏರಿನಲ್ಲಿ, ಅದರಲ್ಲಿಯೂ ವೈರಮುಡಿ ಉತ್ಸವದ ದಟ್ಟಣೆಯಲ್ಲಿ ನಿಂತುನಿಂತು ಹೊರಡಬೇಕಾದಾಗ, ಹಿಂಚಕ್ರಗಳಿಗೆ ಬಲ ನೀಡುವ ವಾಹನದ ಹಿಡಿತ ಹೆಚ್ಚುತ್ತದೆ. ಮುಂಚಕ್ರಗಳಿಂದ ನಡೆಯುವ ವಾಹನದ ಹಿಡಿತ ತಗ್ಗುತ್ತದೆ. ಮಳೆಗಾಲದಲ್ಲಿ ಗದ್ದೆ ಬಯಲಿನ ಜಾರುಮಣ್ಣಿನ ಮೇಲೂ ಇದೇ ನಿಯಮ ಅನ್ವಯಿಸುತ್ತದೆ. ಇಬ್ಬರೇ ಕೂತು ಷೋರೂಮಿನ ಸುತ್ತ ಓಡಿಸಿ ನೋಡುವ ಪರೀಕ್ಷೆಯಲ್ಲಿ ಇದು ಗೋಚರಿಸುವುದಿಲ್ಲ.

ಎರಡನೆಯ ಕಾರಣ ತೆರಿಗೆಯ ಕಾನೂನಿನಲ್ಲಿದೆ. ಉದ್ದ 4 ಮೀಟರಿನೊಳಗಿದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದ ಕಾರುಗಳಿಗೆ ಬಹುಕಾಲದಿಂದ ರಿಯಾಯಿತಿ ಇದ್ದು, 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ಅಂಥವಕ್ಕೆ ಶೇ. 18, ಅದನ್ನು ಮೀರಿದ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಶೇ. 40 ಎಂದು ನಿಗದಿಯಾಗಿದೆ. ಈ ಮಿತಿಯೊಳಗೆ ಮೂರು ಸಾಲುಗಳನ್ನು ಹಿಡಿಸಲು ಹೊರಟ ವಾಹನಗಳಲ್ಲಿ, 2019ರ ರೆನೋ ಟ್ರೈಬರ್ ಕೊನೆಯ ಸಾಲಿನ ಆಸನಗಳನ್ನು ಕಳಚಿ ಮನೆಯಲ್ಲಿಡಬಹುದಾದ ಉಪಾಯವನ್ನು ಕಂಡುಕೊಂಡಿತು. 2021ರ ಬೊಲೆರೊ ನಿಯೊ ಹಿಂಬದಿಯಲ್ಲಿ ಹಳೆಯ ಅಡ್ಡ ಆಸನಗಳಿಗೇ ಮರಳಿತು. ಅಂದರೆ ಕೊನೆಯ ಸಾಲಿನವರ ಮೊಣಕಾಲಿನ ಜಾಗವನ್ನು ನಿರ್ಧರಿಸಿದವರಲ್ಲಿ ವಿನ್ಯಾಸಕಾರರಷ್ಟೇ ಪಾಲು ತೆರಿಗೆ ಬರೆದವರದೂ ಆಗಿದೆ. ಇದರ ಮೇಲೆ ರಾಜ್ಯದ ಆಜೀವ ತೆರಿಗೆ, ಅಂದರೆ ನೋಂದಣಿಯ ಹೊತ್ತಿಗೆ ಒಮ್ಮೆಗೇ ಕಟ್ಟುವ ರಸ್ತೆ ತೆರಿಗೆ, 10ರಿಂದ 20 ಲಕ್ಷದ ಬೆಲೆಗೆ ಶೇ. 17, ಅದಕ್ಕೂ ಮೇಲ್ಪಟ್ಟರೆ ಶೇ. 18ರಷ್ಟು ಬೀಳುತ್ತದೆ. 18 ಲಕ್ಷದ ವಾಹನಕ್ಕೆ ಮಂಡ್ಯದ ಕೆಎ 11 ಅಥವಾ ನಾಗಮಂಗಲದ ಕೆಎ 54 ಸಂಖ್ಯೆಯ ಫಲಕ ಹಾಕಿಸುವ ಮುನ್ನವೇ ಸೆಸ್ ಹೊರತುಪಡಿಸಿ 3 ಲಕ್ಷದ 6 ಸಾವಿರ ರೂಪಾಯಿ ಸಲ್ಲಬೇಕೆಂಬುದನ್ನು ಅಂದಾಜಿನಲ್ಲಿ ಮೊದಲೇ ಸೇರಿಸಿಕೊಳ್ಳಬೇಕಾಗುತ್ತದೆ.

ಇನ್ನು ಸಾಲಿನ ಒಳಗಿನ ವಿಚಾರ. ಹಿಂದಿನ ಅಚ್ಚು ಮತ್ತು ಇಂಧನದ ಟ್ಯಾಂಕು ಅಲ್ಲಿಯೇ ಆಸುಪಾಸು ಇರುವುದರಿಂದ ಮೂರನೆಯ ಸಾಲಿನ ಕಾಲಡಿಯ ನೆಲ ಎತ್ತರವಾಗಿರುತ್ತದೆ. ಛಾವಣಿ ಅಲ್ಲಿಗೆ ಬರುವಷ್ಟರಲ್ಲಿ ಇಳಿಜಾರಾಗಿರುತ್ತದೆ. ಇವೆರಡರ ನಡುವೆ ಆಸನವನ್ನು ತಗ್ಗಿಸಲೇಬೇಕಾದ್ದರಿಂದ ಕೂತವರ ಮೊಣಕಾಲು ಎದೆಯತ್ತ ಮೇಲೇರಿ, ತೊಡೆಗೆ ಆಧಾರವಿಲ್ಲದೆ ಮೈಭಾರವೆಲ್ಲ ಬೆನ್ನಿನ ಬುಡದ ಮೇಲೆ ಬೀಳುತ್ತದೆ. ಹತ್ತು ನಿಮಿಷಕ್ಕೆ ಇದು ಅರಿವಾಗದು, ಕೆ.ಆರ್.ಪೇಟೆಯಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಚೆನ್ನಾಗಿ ಅರಿವಾಗುತ್ತದೆ. ಮಾರುತಿ ಎರ್ಟಿಗಾ, ಕಿಯಾ ಕ್ಯಾರೆನ್ಸ್‌ನಂಥ ವಾಹನಗಳು, ಎಸ್‌ಯುವಿಯ ಗತ್ತನ್ನು ಬಯಸುವವರ ಕಣ್ಣಿಗೆ ಸಾಧಾರಣವಾಗಿ ಕಂಡರೂ, ಜನರನ್ನು ಕೂರಿಸುವುದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡ ಎಂಪಿವಿ ಎಂಬ ವರ್ಗದವಾದ್ದರಿಂದ, ಈ ಒಂದು ವಿಷಯದಲ್ಲಿ ತಮಗಿಂತ ದುಬಾರಿಯಾದ ಹಲವು ಎಸ್‌ಯುವಿಗಳಿಗಿಂತ ಮೇಲಾಗಿವೆ. ಗತ್ತಿಗೂ ಬೆಲೆಯಿದೆ ಎನ್ನುವುದಾದರೆ ಅದು ಬೇರೆ ಮಾತು. ಆ ಬೆಲೆಯನ್ನು ತೆರುವವರು ಹಿಂದೆ ಕೂತವರೆಂಬುದು ತಿಳಿದಿದ್ದರೆ ಸಾಕು.

ಅಲ್ಲಿಗೆ ತಲುಪುವ ದಾರಿಯೂ ಕೂರುವ ಜಾಗದಷ್ಟೇ ಮುಖ್ಯವಾದುದು. ಮೂರನೆಯ ಸಾಲಿಗೆ ತನ್ನದೇ ಬಾಗಿಲಿಲ್ಲ. ಎರಡನೆಯ ಸಾಲಿನ ಆಸನವನ್ನು ಮಡಚಿ, ಮುಂದಕ್ಕೆ ಉರುಳಿಸಿ, ಆ ಸಂದಿಯಲ್ಲಿ ನುಸುಳಬೇಕು. ಸೀರೆಯುಟ್ಟ ಅರವತ್ತರ ಅಜ್ಜಿಗೆ ಇದು ಆಗದ ಕೆಲಸವಾದ್ದರಿಂದ ಆ ಸಾಲು ಮಕ್ಕಳಿಗೆ ಅಥವಾ ಅಳಿಯಂದಿರಿಗೆ ಮೀಸಲಾಗುತ್ತದೆ. ಎರಡನೆಯ ಸಾಲಿನಲ್ಲಿ ಬೆಂಚಿನ ಬದಲು ಬಿಡಿಬಿಡಿಯಾದ ಎರಡು ಆಸನಗಳನ್ನು ಇರಿಸಿದರೆ ನಡುವಿನ ಹಾದಿಯಲ್ಲಿ ಹಿಂದಕ್ಕೆ ಹೋಗಬಹುದಾದರೂ, ಒಟ್ಟು ಆಸನಗಳು ಆರಕ್ಕಿಳಿಯುತ್ತವೆ. ಪುಟ್ಟ ಮಗುವಿದ್ದ ಮನೆಯವರು ಗಮನಿಸಬೇಕಾದ ಇನ್ನೊಂದು ತೊಡಕಿದೆ: ಮಕ್ಕಳ ಆಸನವನ್ನು ಎರಡನೆಯ ಸಾಲಿನ ಕೊಂಡಿಗಳಿಗೆ ಬಿಗಿದ ಮೇಲೆ ಆ ಬದಿಯನ್ನು ಮಡಚಲಾಗದು, ಆ ಬದಿಯಿಂದ ಹಿಂದಿನ ಸಾಲಿನ ದಾರಿಯೂ ಮುಚ್ಚಿಹೋಗುತ್ತದೆ. ಮೂರೂ ಸಾಲುಗಳನ್ನು ಬಿಡಿಸಿದಾಗ ಉಳಿಯುವ ಡಿಕ್ಕಿಯೂ ಕಿರಿದು. ಎರ್ಟಿಗಾದಲ್ಲಿ ಅದು 209 ಲೀಟರ್ ಮಾತ್ರ. ಏಳು ಜನರ ಬಟ್ಟೆಯ ಚೀಲಗಳ ಜೊತೆ ಊರಿನಿಂದ ಹೊರಡುವ ತೆಂಗಿನಕಾಯಿ ಮತ್ತು ರಾಗಿಹಿಟ್ಟಿನ ಮೂಟೆಗೆ ಅಲ್ಲಿ ಸ್ಥಳವಿರುವುದಿಲ್ಲ. ಛಾವಣಿಯ ಮೇಲೆ ಕ್ಯಾರಿಯರ್ ಹಾಕಿಸಿದರೆ ಎತ್ತರದ ವಾಹನದ ಭಾರಕೇಂದ್ರ ಇನ್ನಷ್ಟು ಮೇಲೇರಿ, ಅದು ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ.

ಸುರಕ್ಷತೆಯ ವಿಷಯದಲ್ಲಿ ಇಂದು ಎಲ್ಲರೂ ನಕ್ಷತ್ರಗಳನ್ನು ಕೇಳುತ್ತಾರೆ. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್, ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಯೊಂದಕ್ಕೆ ಭಾಗಶಃ ಗುದ್ದಿಸಿ, ಒಳಗಿರಿಸಿದ ಗೊಂಬೆಗಳಿಗೆ ಆದ ಪೆಟ್ಟನ್ನು ಅಳೆದು ಅಂಕ ನೀಡುವ ವ್ಯವಸ್ಥೆಯಾಗಿದ್ದು, ಅದರ ಮೊದಲ ಫಲಿತಾಂಶಗಳಲ್ಲಿ ಸಫಾರಿ 5 ನಕ್ಷತ್ರ ಪಡೆಯಿತು. ಇದು ಬೆಲೆಯುಳ್ಳ ಮಾಹಿತಿಯೇ ಹೌದು. ಆದರೆ ಆ ಗುದ್ದುವ ಪರೀಕ್ಷೆಯಲ್ಲಿ ದೊಡ್ಡವರ ಗೊಂಬೆಗಳು ಮುಂದಿನ ಸಾಲಿನಲ್ಲೂ ಮಕ್ಕಳ ಗೊಂಬೆಗಳು ಎರಡನೆಯ ಸಾಲಿನಲ್ಲೂ ಇರುತ್ತವೆಯೇ ಹೊರತು ಮೂರನೆಯ ಸಾಲು ಖಾಲಿಯಾಗಿರುತ್ತದೆ. ಹಿಂದಿನಿಂದ ಬಂದು ಗುದ್ದುವ ಪರೀಕ್ಷೆಯೂ ಅದರಲ್ಲಿಲ್ಲ. ಕೊನೆಯ ಸಾಲಿನವರ ತಲೆಗೂ ಹಿಂಬಾಗಿಲಿನ ಗಾಜಿಗೂ ನಡುವೆ ಎಷ್ಟು ಅಂತರವಿದೆ, ಪಕ್ಕದ ಪರದೆಯಂಥ ಏರ್‌ಬ್ಯಾಗು ಅಲ್ಲಿಯವರೆಗೂ ಚಾಚುತ್ತದೆಯೇ, ಬೆಲ್ಟುಗಳು ಸೊಂಟಕ್ಕೆ ಮಾತ್ರವೋ ಭುಜವನ್ನೂ ಹಾಯ್ದು ಬರುತ್ತವೆಯೋ ಎಂಬುದನ್ನು ಕೊಳ್ಳುವವರೇ ನೋಡಬೇಕು. ಬೆಲ್ಟು ಇದ್ದ ಮಾತ್ರಕ್ಕೆ ಸಾಲದು. ಹಿಂದೆ ಕೂತವರೂ ಅದನ್ನು ಧರಿಸಬೇಕೆಂಬ ನಿಯಮವಿದ್ದು, ತಪ್ಪಿದರೆ 1000 ರೂಪಾಯಿ ದಂಡವಿದೆ.

ಇಲ್ಲಿಯ ರಸ್ತೆಗಳು ಈ ಪ್ರಶ್ನೆಗಳನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತವೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಶ್ರೀರಂಗಪಟ್ಟಣವನ್ನೂ, ಬೆಂಗಳೂರು–ಮಂಗಳೂರು ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸನ್ನೂ ವೇಗದ ಲೋಕಕ್ಕೆ ಸೇರಿಸಿದವು. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಿಂದ ಟ್ರ್ಯಾಕ್ಟರು ಮತ್ತು ಬೈಕುಗಳನ್ನು ಅದೇ ವರ್ಷದ ಆಗಸ್ಟ್ 1ರಿಂದ ಹೊರಗಿಟ್ಟರೂ, ಒಳರಸ್ತೆಗಳಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ಹಿಂದೀಪವಿಲ್ಲದ ಟ್ರೇಲರುಗಳು ಕತ್ತಲಲ್ಲಿ ಎದುರಾಗುವುದು ತಪ್ಪಿಲ್ಲ. ಒಂದು ರಸ್ತೆಯ ಅಭ್ಯಾಸದಲ್ಲಿ ಇನ್ನೊಂದಕ್ಕೆ ಇಳಿಯುವ ಚಾಲಕನಿಗೆ ಒಳ್ಳೆಯ ದೀಪ, ಒಳ್ಳೆಯ ಬ್ರೇಕು, ಮತ್ತು ಹಠಾತ್ತನೆ ತಿರುಗಿಸಿದಾಗ ಬೇಕಾದ ಚಕ್ರಕ್ಕಷ್ಟೇ ತಾನಾಗಿ ಬ್ರೇಕು ಹಾಕಿ ವಾಹನ ಜಾರದಂತೆ ಹಿಡಿಯುವ ಇಎಸ್‌ಸಿ ಎಂಬ ವ್ಯವಸ್ಥೆ, ಇವು ಛಾವಣಿಯ ಗಾಜಿಗಿಂತ ಹೆಚ್ಚು ಅಗತ್ಯವಾದವು. ಪಾಂಡವಪುರದ ವಿಶ್ವೇಶ್ವರಯ್ಯ ನಾಲೆಯ ಏರಿಯ ರಸ್ತೆಗಳು ಬೇರೆಯೇ ಬಗೆಯ ಅಪಾಯವನ್ನು ಒಡ್ಡುತ್ತವೆ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಅಸುನೀಗಿದ ದುರಂತ ಈ ಭಾಗದವರ ನೆನಪಿನಿಂದ ಮಾಸಿಲ್ಲ. ನೀರಿಗೆ ಬಿದ್ದ ವಾಹನದಲ್ಲಿ ಬಾಗಿಲಿಲ್ಲದ, ಗಾಜನ್ನೂ ಇಳಿಸಲಾಗದ ಮೂರನೆಯ ಸಾಲಿನವರೇ ಕಟ್ಟಕಡೆಗೆ ಹೊರಬರಬೇಕಾದವರಾದ್ದರಿಂದ, ಗಾಜು ಒಡೆಯುವ ಸಣ್ಣ ಸುತ್ತಿಗೆಯೊಂದನ್ನು ಚಾಲಕನ ಬಳಿಯಲ್ಲಿಡುವುದಕ್ಕಿಂತ ಆ ಸಾಲಿನವರ ಕೈಗೆಟಕುವಂತೆ ಇಡುವುದು ಲೇಸು.

ಭಾರದ ಲೆಕ್ಕವನ್ನು ಬಹುತೇಕರು ಮಾಡುವುದೇ ಇಲ್ಲ. ತಲಾ 65 ಕಿಲೋದಂತೆ ಏಳು ಜನರ ತೂಕ 455 ಕಿಲೋ ಆಗುತ್ತದೆ. ಸಾಮಾನು 50 ಕಿಲೋ ಎಂದಿಟ್ಟುಕೊಂಡರೂ ಅರ್ಧ ಟನ್ನು ದಾಟುತ್ತದೆ. ವಾಹನದ ಅನುಮತಿತ ಒಟ್ಟು ತೂಕದಿಂದ ಅದರ ಸ್ವಂತ ತೂಕವನ್ನು ಕಳೆದರೆ ಹೊರಬಹುದಾದ ಭಾರ ತಿಳಿಯುತ್ತದೆ. ಷೋರೂಮಿನ ಕಾಗದದಲ್ಲಿ ಹೇಳುವ ನೆಲದಿಂದಿನ ಎತ್ತರ ಸಾಮಾನ್ಯವಾಗಿ ಖಾಲಿ ವಾಹನದ್ದಾಗಿದ್ದು, ತುಂಬಿದಾಗ ಹಿಂಬದಿ ಕುಸಿದು, ಹಳ್ಳಿಯವರೇ ಕಟ್ಟಿಕೊಂಡ ಕಡಿದಾದ ಹಂಪುಗಳಿಗೆ ಹೊಟ್ಟೆ ಉಜ್ಜುತ್ತದೆ. ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಟೈರಿನ ಗಾಳಿಗೆ ಎರಡು ಅಳತೆಗಳಿರುವುದು ವಾಡಿಕೆ, ಒಂದು ಕಡಿಮೆ ಜನಕ್ಕೆ, ಇನ್ನೊಂದು ಪೂರ್ಣ ಭಾರಕ್ಕೆ. ಮೊದಲನೆಯ ಅಳತೆಯಲ್ಲೇ ಏಳು ಜನರನ್ನು ಹತ್ತಿಸಿ ಎಕ್ಸ್‌ಪ್ರೆಸ್‌ವೇಯ ಬಿಸಿಲಿನಲ್ಲಿ 100ರ ವೇಗದಲ್ಲಿ ಓಡಿಸಿದರೆ ಟೈರು ಕಾದು ಸಿಡಿಯಲು ಬೇಕಾದುದೆಲ್ಲ ಕೂಡಿಬಂದಂತೆಯೇ.

ಇಂಧನದ ಆಯ್ಕೆಯಲ್ಲಿ ಮೈಲೇಜಿಗಿಂತ ಓಡಾಟದ ಸ್ವರೂಪವನ್ನು ನೋಡುವುದು ಒಳ್ಳೆಯದು. 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್ 6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸುಕವಿದ್ದು, ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದಾಗ ಅದು ಚೆನ್ನಾಗಿ ಕಾದು ಮಸಿಯನ್ನು ಸುಟ್ಟುಕೊಳ್ಳುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಎಂದು ಮೂರು ನಾಲ್ಕು ಕಿಲೋಮೀಟರುಗಳ ಓಡಾಟವೇ ಹೆಚ್ಚಾದರೆ ಅದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ಅಂಥವರಿಗೆ ಪೆಟ್ರೋಲ್ ವಾಹನವೇ ಹಿತ.

ಕೊನೆಯದಾಗಿ, ಮೂರನೆಯ ಸಾಲು ವರ್ಷಕ್ಕೆ ಎಷ್ಟು ದಿನ ತುಂಬುತ್ತದೆಂಬುದನ್ನು ಕುಟುಂಬವೇ ಎಣಿಸಿಕೊಳ್ಳಬೇಕಾಗುತ್ತದೆ. ಆದಿಚುಂಚನಗಿರಿಯ ಜಾತ್ರೆ, ಒಂದೆರಡು ಬೀಗರೂಟ, ಒಂದು ದೂರದ ಯಾತ್ರೆ ಇಷ್ಟೇ ಆಗಿದ್ದರೆ ಆ ದಿನಗಳಿಗೆ ಹಳದಿ ಫಲಕದ ವಾಹನವನ್ನು ಬಾಡಿಗೆಗೆ ಪಡೆದು, ಉಳಿದ ದಿನಗಳಿಗೆ ಐದು ಆಸನಗಳ ಕಾರನ್ನೇ ಇಟ್ಟುಕೊಳ್ಳುವುದು ಅಗ್ಗವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಸಾಲದ ಕಂತಿಗೆ ಒದಗಲೆಂದು ಸ್ವಂತ ಬಳಕೆಯ ಬಿಳಿ ಫಲಕದ ವಾಹನವನ್ನು ಪರಿಚಯದವರಿಗೆ ಬಾಡಿಗೆಗೆ ಓಡಿಸುವ ಪರಿಪಾಠವೂ ಕಂಡುಬರುತ್ತದೆ. ಪರವಾನಗಿಯಿಲ್ಲದೆ ಹಾಗೆ ಓಡಿಸುವುದು ಕಾನೂನಿಗೆ ವಿರುದ್ಧವಾದುದು, ಮತ್ತು ಖಾಸಗಿ ಬಳಕೆಗೆಂದು ಮಾಡಿಸಿದ ವಿಮೆಯ ಷರತ್ತನ್ನು ಅದು ಮುರಿಯುವುದರಿಂದ, ಅಪಘಾತವಾದಲ್ಲಿ ಪರಿಹಾರದ ಹೊರೆ ಮಾಲೀಕನ ತಲೆಗೇ ಬರುವ ಸಂಭವವಿದೆ. ಕೊಳ್ಳಲೇಬೇಕೆಂದು ನಿಶ್ಚಯಿಸಿದವರು ಷೋರೂಮಿಗೆ ಇಬ್ಬರೇ ಹೋಗದೆ ಮನೆಯ ಏಳೂ ಜನ ಹೋಗಿ, ಅಜ್ಜಿಯನ್ನು ಎರಡನೆಯ ಸಾಲಿಗೆ ಹತ್ತಿಸಿ, ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಹಂಪುಗಳಿರುವ ಯಾವುದಾದರೂ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಲು ಕೇಳಬಹುದು. ಮಾರಾಟಗಾರರು ಇದಕ್ಕೆ ಒಪ್ಪದಿದ್ದರೆ, ಅದೇ ಮಾದರಿಯ ಬಾಡಿಗೆ ವಾಹನವನ್ನು ಒಂದು ದಿನದ ಮಟ್ಟಿಗೆ ಗೊತ್ತುಮಾಡಿಕೊಂಡು ಮೇಲುಕೋಟೆಗೆ ಹೋಗಿಬರುವುದಕ್ಕೆ ತಗಲುವ ವೆಚ್ಚ, ಆಜೀವ ತೆರಿಗೆಯ ಒಂದು ಸಣ್ಣ ಅಂಶಕ್ಕೂ ಸಮನಾಗುವುದಿಲ್ಲ.