ಪ್ರೇಮವೆಂಬುದೇನು?

(ವಿಶ್ವೇಶ್ವರಪುರದಲ್ಲಿ ಭಕ್ತಮಂಡಲಿಯ ಮುಂದೆ ಮಾಡಿದ ಉಪನ್ಯಾಸ)



ಎಲ್ಲರ ನಾಲಿಗೆಯ ಮೇಲೂ ಆಡುತ್ತಿದ್ದು, ಯಾರೂ ನಿಂತು ಅರ್ಥವನ್ನು ವಿಚಾರಿಸದಿರುವ ಪದಗಳು ಲೋಕದಲ್ಲಿ ಕೆಲವುಂಟು. ‘ಪ್ರೇಮ’ವೆಂಬುದು ಅವುಗಳಲ್ಲಿ ಮೊದಲನೆಯದು. ಈ ವಿಶ್ವೇಶ್ವರಪುರದ ಬೀದಿಗಳಲ್ಲಿ ಒಂದು ಸಂಜೆ ನಡೆದು ಬಂದರೆ ಇದು ಚೆನ್ನಾಗಿ ಮನದಟ್ಟಾಗುವುದು. ಸಜ್ಜನರಾಯರ ವೃತ್ತದ ಬಳಿಯ ತಿಂಡಿಬೀದಿಯಲ್ಲಿ, ಚಳಿಗಾಲದ ಅವರೆಯ ಸೊಗಡು ಹರಡಿರುವಾಗ, ‘ಅವರೆಕಾಳೆಂದರೆ ನನಗೆ ಬಲು ಪ್ರೀತಿ’ ಎನ್ನುವವನೊಬ್ಬನು. ಹತ್ತು ಹೆಜ್ಜೆ ಮುಂದೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿಯೂ ಅದೇ ಮಾತನ್ನು ಆಡುವಳು. ದೇವಾಲಯದ ಮುಂದೆ ಕೈಮುಗಿದು ನಿಂತವನು ತನ್ನ ಸ್ವಾಮಿಯ ವಿಷಯದಲ್ಲಿ ಅದನ್ನೇ ನುಡಿಯುವನು. ಕಾಳಿಗೂ ಕೂಸಿಗೂ ದೇವರಿಗೂ ಒಂದೇ ಪದವು ಸಲ್ಲುವುದಾದರೆ, ಆ ಪದದ ಒಳಗಿರುವ ವಸ್ತುವಾದರೂ ಏನು? ಶ್ರೀಮಠದ ಮಹೋತ್ಸವದ ಈ ಸಂದರ್ಭದಲ್ಲಿ ವಿಚಾರಿಸತಕ್ಕ ಪ್ರಶ್ನೆಯಿದು. ಮಠವೆಂಬುದು ಪ್ರೇಮದಿಂದ ಕಟ್ಟಲ್ಪಟ್ಟುದೆಂದು ಎಲ್ಲರೂ ಹೇಳುವರಷ್ಟೆ. ಹೇಳುವ ಮಾತಿನ ಬೆಲೆಯನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಹಿರಿಯರು ಈ ಒಂದು ಭಾವಕ್ಕೆ ಹಲವು ಹೆಸರುಗಳನ್ನಿಟ್ಟಿರುವರು. ಒಲವು, ಅಕ್ಕರೆ, ನಲ್ಮೆ ಎಂಬಿವು ಅಚ್ಚಗನ್ನಡದ ಮಾತುಗಳು. ಸ್ನೇಹ, ಕರುಣೆ, ಮಮತೆ, ಭಕ್ತಿ ಎಂಬಿವು ಸಂಸ್ಕೃತದಿಂದ ಬಂದವುಗಳು. ಇವುಗಳಲ್ಲಿ ‘ಸ್ನೇಹ’ವೆಂಬುದಕ್ಕೆ ಎಣ್ಣೆಯೆಂಬ ಅರ್ಥವೂ ಉಂಟು. ಎಣ್ಣೆಯು ಬತ್ತಿಯನ್ನು ನೆನೆಸುವುದು. ತಾನು ಸವೆದು ದೀಪವನ್ನು ಉರಿಸುವುದು. ‘ಮಮತೆ’ಯ ಅರ್ಥವು ಇದಕ್ಕಿಂತಲೂ ವಿಚಾರಾರ್ಹವಾದುದು. ‘ಮಮ’ ಎಂದರೆ ‘ನನ್ನದು’. ಆದಕಾರಣ ಮಮತೆಯೆಂದರೆ ‘ನನ್ನದೆಂಬ ಭಾವ’ವೇ ಹೊರತು ಬೇರೆಯಲ್ಲ. ತಾಯಿಯ ಮಮತೆಯೆಂದು ಲೋಕವು ಹೊಗಳುವ ಪದದ ಬೇರಿನಲ್ಲಿಯೇ ಒಡೆತನದ ಗಂಟೊಂದು ಅಡಗಿರುವುದು ಆಶ್ಚರ್ಯವಲ್ಲವೆ?

ಇದರಿಂದ ಮಮತೆಯನ್ನು ಹಳಿಯಬೇಕೆಂದಲ್ಲ. ನನ್ನ ಮಗು, ನನ್ನ ಮನೆ, ನನ್ನ ಊರು ಎಂಬ ಕಟ್ಟು ಇಲ್ಲದಿದ್ದರೆ ಮನುಷ್ಯನು ಯಾರನ್ನೂ ಸಾಕುತ್ತಿರಲಿಲ್ಲ. ಬೀಜಕ್ಕೆ ಸಿಪ್ಪೆಯು ಬೇಕು. ಆದರೆ ಮೊಳೆಯುವ ಕಾಲಕ್ಕೆ ಸಿಪ್ಪೆಯು ಬಿರಿಯದಿದ್ದರೆ ಬೀಜವು ಒಳಗೇ ಕೊಳೆಯುವುದು. ಮಗನ ಮೇಲಣ ಪ್ರೀತಿಯಿಂದಲೇ ಮಗನ ಬಾಳನ್ನು ತನ್ನ ಇಚ್ಛೆಯಂತೆ ಕಟ್ಟಿಹಾಕುವ ತಂದೆಯುಂಟು. ಹೆಂಡತಿಯನ್ನು ಪ್ರೀತಿಸುವೆನೆಂದು ಹೇಳುತ್ತಲೇ ಆಕೆಯ ಮಾತಿಗೆ ಕಿವಿಗೊಡದ ಗಂಡನುಂಟು. ಇವರು ಸುಳ್ಳರಲ್ಲ. ‘ನನ್ನದು’ ಎಂಬ ಸಿಪ್ಪೆಯು ಇವರಲ್ಲಿ ಇನ್ನೂ ಬಿರಿದಿಲ್ಲ, ಅಷ್ಟೆ. ಪ್ರೇಮವು ಎಲ್ಲಿ ಮೊದಲಾಗುವುದೆಂದು ಕೇಳಿದರೆ, ‘ನನ್ನದು’ ಎಂಬುದರಲ್ಲಿ ಎನ್ನಬಹುದು. ಎಲ್ಲಿ ನಿಜವಾಗುವುದೆಂದು ಕೇಳಿದರೆ, ಆ ‘ನನ್ನದು’ ಕಳಚಿದ ಮೇಲೂ ಏನು ಉಳಿಯುವುದೋ ಅದರಲ್ಲಿ ಎನ್ನಬೇಕು.

ಈ ಕಳಚುವಿಕೆಯು ಒಂದೇ ದಿನದಲ್ಲಿ ಆಗತಕ್ಕದ್ದಲ್ಲ. ಷಟ್‌ಸ್ಥಲ ಸಿದ್ಧಾಂತವು ಭಕ್ತಿಗೆ ಆರು ಮೆಟ್ಟಿಲುಗಳನ್ನು ಹೇಳಿರುವುದು ಇದನ್ನರಿತೇ. ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬಿವೇ ಆ ಆರು. ಇವನ್ನು ಲಿಂಗಭಕ್ತಿಗೆ ಹೇಳಿದ್ದಾದರೂ ಮನುಷ್ಯರ ನಡುವಣ ಪ್ರೇಮಕ್ಕೂ ಹೊಂದಿಸಿ ನೋಡಬಹುದು. ಮೊದಲು ನಂಬುಗೆ, ಬಳಿಕ ಕಷ್ಟ ಬಂದರೂ ಬಿಡದ ಹಿಡಿತ. ಇಲ್ಲಿಯವರೆಗೆ ಹೆಚ್ಚಿನವರು ಬರುವರು. ಮೂರನೆಯದಾದ ಅವಧಾನದ ಬಳಿ ಅನೇಕರು ನಿಂತುಬಿಡುವರು. ಅವಧಾನವೆಂದರೆ ಎಚ್ಚರ, ಎದುರಿಗಿರುವವರನ್ನು ಇದ್ದಂತೆ ನೋಡುವುದು. ತಾನು ಕೊಡಬೇಕೆಂದಿರುವುದನ್ನು ಕೊಡುವುದು ಸುಲಭ. ಅವರಿಗೆ ಬೇಕಾದುದೇನೆಂದು ಕಾಣುವುದು ಕಷ್ಟ. ಹಸಿದವನಿಗೆ ಉಪದೇಶವನ್ನೂ ಅಳುವವನಿಗೆ ಹಣವನ್ನೂ ಕೊಟ್ಟು ‘ಪ್ರೀತಿಸಿದೆನು’ ಎಂದು ತೃಪ್ತರಾಗುವವರೇ ಲೋಕದಲ್ಲಿ ಬಹುಮಂದಿ. ಕಣ್ಣಿಲ್ಲದ ಪ್ರೇಮವು ಎಷ್ಟು ದೊಡ್ಡದಾದರೂ ಗುರಿಮುಟ್ಟದು.

ದಾಸೋಹತತ್ತ್ವದ ಹಿರಿಮೆಯು ಇಲ್ಲಿ ತಿಳಿಯುವುದು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹವೆಂಬ ಪದದಲ್ಲಿಯೇ ಕೊಡುವವನು ‘ದಾಸನು ನಾನು’ ಎಂದು ಒಪ್ಪಿಕೊಂಡು ಕೆಳಗೆ ನಿಲ್ಲುವನು. ಯಾವ ಕಾರ್ಯದಿಂದ ಮಾಡುವವನು ದೊಡ್ಡವನಾಗಿ, ಮಾಡಿಸಿಕೊಳ್ಳುವವನು ಚಿಕ್ಕವನಾಗುವನೋ, ಅದು ಧರ್ಮಕಾರ್ಯವಾಗಿರಬಹುದು, ಪ್ರೇಮಕಾರ್ಯವಲ್ಲ.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಾಗಿಲ್ಲ. ವಿಶ್ವೇಶ್ವರಪುರದ ಉತ್ತರಕ್ಕೆ, ಕೃಷ್ಣರಾಜ ಮಾರುಕಟ್ಟೆಯನ್ನು ದಾಟಿದರೆ, ಹಳೆಯ ಪೇಟೆಯು ಸಿಕ್ಕುವುದು. ಅಲ್ಲಿನ ಮಾಮೂಲುಪೇಟೆಯಲ್ಲಿ ಗುಬ್ಬಿ ತೋಟದಪ್ಪನವರು ವ್ಯಾಪಾರ ಮಾಡಿಕೊಂಡಿದ್ದರು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿಗೆ ಬಂದು ನೆಲಸಿದ ಲಿಂಗಾಯತ ಮನೆತನದವರು ಅವರು. ವ್ಯಾಪಾರದಲ್ಲಿ ಐಶ್ವರ್ಯವು ಬಂದಿತು. ಆದರೆ ಅವರಿಗೂ ಅವರ ಪತ್ನಿ ಗೌರಮ್ಮನವರಿಗೂ ಮಕ್ಕಳಾಗಲಿಲ್ಲ. ‘ನನ್ನದು’ ಎಂದು ಹೇಳಿಕೊಳ್ಳಲು ಮಗುವಿಲ್ಲದ ಮನೆಯ ದುಃಖವನ್ನು ಬಲ್ಲವರೇ ಬಲ್ಲರು. ಅಂತಹ ಮನೆಯಲ್ಲಿ ಎರಡು ದಾರಿಗಳುಂಟು. ಬತ್ತಿದ ಮಮತೆಯು ಕಹಿಯಾಗಿ ಹಣಕ್ಕೆ ಅಂಟಿಕೊಳ್ಳುವುದು ಒಂದು. ದಂಡೆಯಿಲ್ಲದ ಹೊಳೆಯಂತೆ ಹೊರಕ್ಕೆ ಹರಿಯುವುದು ಮತ್ತೊಂದು.

ಆ ದಂಪತಿಗಳದು ಎರಡನೆಯ ದಾರಿಯಾಯಿತು. 1898ರಲ್ಲಿ ಪ್ಲೇಗು ಬಂದು ಪೇಟೆಯನ್ನು ನಡುಗಿಸಿದ್ದಿತು. ಜನರು ಮನೆಗಳನ್ನು ಬಿಟ್ಟು ಬಯಲಿಗೆ ಹೋಗಿ ಗುಡಿಸಲುಗಳಲ್ಲಿ ದಿನ ಕಳೆದ ಕಾಲವದು. ಬಸವನಗುಡಿ, ಮಲ್ಲೇಶ್ವರಂಗಳಂತಹ ಬಡಾವಣೆಗಳು ಬೇಗ ಬೇಗನೆ ತುಂಬಿದುದು ಆ ಮಾರಿಯ ನಂತರವೇ. ಪ್ರತಿಯೊಬ್ಬರೂ ತಮ್ಮ ತಮ್ಮ ಜೀವವನ್ನು ಕಾಪಾಡಿಕೊಳ್ಳುವ ಚಿಂತೆಯಲ್ಲಿದ್ದು ಕೆಲವೇ ವರ್ಷಗಳು ಕಳೆದಿದ್ದುವು. 1903ರಲ್ಲಿ, ಬೆಂಗಳೂರು ರೈಲ್ವೆ ನಿಲ್ದಾಣದ ಹತ್ತಿರ, ತೋಟದಪ್ಪನವರ ಛತ್ರವು ದಾರಿಹೋಕರಿಗೆ ಬಾಗಿಲು ತೆರೆಯಿತು. ಹೊರಗಿನಿಂದ ಬಂದು ಓದುವ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆ ಧರ್ಮಸಂಸ್ಥೆಯಿಂದ ನಡೆಯಿತು. ತಾವು ಗಳಿಸಿದುದನ್ನು ಆ ದಂಪತಿಗಳು ಪ್ರವಾಸಿಗಳಿಗೂ ವಿದ್ಯಾರ್ಥಿಗಳಿಗೂ ಮುಡಿಪಾಗಿಟ್ಟರು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ರಾವ್ ಬಹದ್ದೂರ್, ಧರ್ಮಪ್ರವರ್ತರೆಂಬ ಬಿರುದುಗಳು ಅವರ ಹೆಸರಿನೊಡನೆ ಇಂದಿಗೂ ಸೇರಿ ಬರುತ್ತಿವೆ.

ಈ ಕಾರ್ಯದಲ್ಲಿ ಗಮನಿಸತಕ್ಕ ಅಂಶವು ಹಣವಲ್ಲ, ಅವಧಾನ. ರಾತ್ರಿಯ ರೈಲಿನಿಂದ ಇಳಿದ ಹಳ್ಳಿಯವನಿಗೆ ಬೆಂಗಳೂರಿನಲ್ಲಿ ಬೇಕಾದುದೇನು? ಕಾಲು ತೊಳೆಯಲು ನೀರು, ಗಂಟನ್ನಿಟ್ಟು ತಲೆಯೊರಗಿಸಲು ಒಂದು ಜಾಗ, ‘ಏಳು, ಹೋಗು’ ಎನ್ನುವವರಿಲ್ಲದ ಒಂದು ರಾತ್ರಿ. ಛತ್ರವನ್ನು ಊರಿನ ನಡುವೆ ಹೆಸರು ಕಾಣುವ ಕಡೆ ಕಟ್ಟದೆ, ದಾರಿಹೋಕನು ಕಾಲಿಡುವ ನಿಲ್ದಾಣದ ಬಳಿಯಲ್ಲಿ ಕಟ್ಟಿದುದರಲ್ಲಿಯೇ ನೋಡುವ ಕಣ್ಣು ಇರುವುದು. ಅಲ್ಲಿ ಮಲಗಿ ಬೆಳಿಗ್ಗೆ ಎದ್ದು ಹೋದವನು ಕಟ್ಟಿದವರ ಮುಖವನ್ನು ಕಂಡವನಲ್ಲ. ಕಟ್ಟಿದವರೂ ಅವನ ಮುಖವನ್ನು ಕಂಡವರಲ್ಲ. ಮಕ್ಕಳಿಗೆ ಕೊಡುವುದರಲ್ಲಿ, ಅವರು ಮುಪ್ಪಿನಲ್ಲಿ ನೋಡಿಕೊಂಡಾರೆಂಬ ಆಸೆಯ ಎಳೆಯೊಂದು ಇರುವುದುಂಟು. ಈ ಪ್ರೇಮದಲ್ಲಿ ಆ ಎಳೆಗೆ ಅವಕಾಶವೇ ಇಲ್ಲ.

ಆದರೆ ಅನ್ನ, ಆಶ್ರಯಗಳನ್ನು ಕೊಡುವುದರಲ್ಲಿಯೇ ಪ್ರೇಮವು ಪೂರೈಸುವುದೋ? ಇಲ್ಲವೆಂಬುದಕ್ಕೆ ಕಲ್ಯಾಣದ ಹರಳಯ್ಯನವರ ಕಥೆಯೇ ಸಾಕ್ಷಿ. ಚಮ್ಮಾರರಾದ ಹರಳಯ್ಯನವರು ಒಂದು ದಿನ ಬಸವಣ್ಣನವರಿಗೆ ‘ಶರಣು’ ಎಂದರಂತೆ. ಬಸವಣ್ಣನವರು ಅದಕ್ಕೆ ಎರಡು ಶರಣುಗಳನ್ನು ಹೇಳಿ ಕೈಮುಗಿದರಂತೆ. ಹೆಚ್ಚಾಗಿ ಬಂದ ಆ ಒಂದು ಶರಣು ಹರಳಯ್ಯನವರಿಗೆ ಸಾಲವಾಗಿ ಕಂಡಿತು. ಅವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದು ಒಪ್ಪಿಸಿದರೆಂದೂ, ಬಸವಣ್ಣನವರು ಅವನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಇಟ್ಟುಕೊಂಡರೆಂದೂ ಶರಣಪರಂಪರೆಯ ಪ್ರತೀತಿ. ಒಬ್ಬನು ಕೊಟ್ಟುದನ್ನು ಇನ್ನೊಬ್ಬನು ಕಾಲಿಗೆ ಹಾಕಲಾರನು. ಇಬ್ಬರೂ ಬಾಗಿರುವರು, ಇಬ್ಬರೂ ಕೆಳಗೆ ನಿಲ್ಲಲು ಹವಣಿಸುವರು. ಪ್ರೇಮವು ಒಂದೇ ಕಡೆಯಿಂದ ಸುರಿಯುವ ಧಾರೆಯಲ್ಲ, ಸಮನಾದವರ ನಡುವಣ ಪೈಪೋಟಿಯೆಂಬುದು ಇಲ್ಲಿನ ತಿರುಳು.

ಆ ಸಮತೆಯು ನಮಸ್ಕಾರದಲ್ಲಿ ನಿಲ್ಲದೆ ಸಂಬಂಧಕ್ಕೆ ಬಂದಿತು. ಹರಳಯ್ಯನವರ ಮಗನಿಗೆ, ಬ್ರಾಹ್ಮಣಕುಲದಿಂದ ಬಂದ ಶರಣ ಮಧುವರಸರ ಮಗಳನ್ನು ಕೊಟ್ಟು ವಿವಾಹವಾಯಿತು. 12ನೆಯ ಶತಮಾನದ ಆ ಕಲ್ಯಾಣವು ಕೈಮುಗಿಯುವುದನ್ನು ಸೈರಿಸಿತು. ಜೊತೆಯಲ್ಲಿ ಉಣ್ಣುವುದನ್ನೂ ಹೇಗೋ ಸೈರಿಸಿತು. ಈ ಸಂಬಂಧವನ್ನು ಮಾತ್ರ ಸೈರಿಸಲಿಲ್ಲ. ಬಿಜ್ಜಳನ ಆಜ್ಞೆಯಿಂದ ಹರಳಯ್ಯನವರೂ ಮಧುವರಸರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆಯು ಹೇಳುವುದು. ಶರಣರು ಚೆದರಿದರು, ಕಲ್ಯಾಣವು ಹಾಳಾಯಿತು.

ಈ ಕಥೆಯನ್ನು ಕೇಳಿ ಕಣ್ಣೀರು ಸುರಿಸುವವರು ಬಹಳ. ಆದರೆ ಕೇಳಿ ಮನೆಗೆ ಹೋದ ಭಕ್ತನು, ಮಗಳಿಗೆ ವರನನ್ನು ನೋಡುವಾಗ ಮೊದಲು ಕೇಳುವ ಪ್ರಶ್ನೆಯಾವುದು? ‘ಯಾವ ಪಂಗಡ?’ ಲಿಂಗವಂತರೊಳಗೇ ಒಳಪಂಗಡವನ್ನು ಹುಡುಕುವ ನಾಲಿಗೆಯು ಹರಳಯ್ಯನವರ ಹೆಸರನ್ನು ಯಾವ ಧೈರ್ಯದಿಂದ ಉಚ್ಚರಿಸುವುದು? ದಾಸೋಹಕ್ಕೆ ಅಕ್ಕಿಯ ಮೂಟೆಯನ್ನು ಕಳುಹಿಸುವ ಕೈಯೇ ನೆಂಟಸ್ತನದ ಬಾಗಿಲನ್ನು ಮುಚ್ಚುತ್ತಿದ್ದರೆ, ಕೊಟ್ಟುದು ದಾನವಾಯಿತೇ ಹೊರತು ಪ್ರೇಮವಾಗಲಿಲ್ಲ. ಈ ಮಾತು ಕಟುವಾದರೂ ಮಹೋತ್ಸವದ ದಿನದಂದೇ ಆಡತಕ್ಕದ್ದು.

ಕಡೆಯದಾಗಿ ಒಂದು ಸಂಶಯವುಂಟು. ಮನೆಮಾರುಗಳನ್ನು ಬಿಟ್ಟ ವಿರಕ್ತನಿಗೆ ಪ್ರೇಮದ ಗೊಡವೆಯೇಕೆ? ಎಲ್ಲವನ್ನೂ ಬಿಟ್ಟವನು ಯಾರನ್ನು ಪ್ರೀತಿಸಿಯಾನು? ಇದಕ್ಕೆ ಉತ್ತರವಾಗಿ ಬಾಳಿದವರು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು. ಮಾಗಡಿ ಸೀಮೆಯ ವೀರಾಪುರದಲ್ಲಿ ಹುಟ್ಟಿ, ಹದಿಮೂರು ಮಂದಿ ಮಕ್ಕಳಲ್ಲಿ ಕಿರಿಯರಾಗಿದ್ದು, ಎಂಟರ ಎಳವೆಯಲ್ಲಿ ತಾಯಿಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿರಲಾಗಿ, 1930ರಲ್ಲಿ ಶ್ರೀ ಉದ್ಧಾನ ಶಿವಯೋಗಿಗಳ ಉತ್ತರಾಧಿಕಾರಿಯಾಗಿ ವಿರಕ್ತಾಶ್ರಮವನ್ನು ಸ್ವೀಕರಿಸಿದರು. ಪದವಿಯು ಕೈಗೂಡಲಿಲ್ಲ. ಆ ಬಳಿಕ 2019ರಲ್ಲಿ, 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದರು. ತಾಯಿಯ ಕೈತುತ್ತನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕನೊಬ್ಬನು ಎಂಬತ್ತೆಂಟು ವರ್ಷಕಾಲ ಕಂಡವರ ಮಕ್ಕಳಿಗೆ ಉಣಬಡಿಸಿದನು. ಅವರು ಬಿಟ್ಟುದು ಪ್ರೇಮವನ್ನಲ್ಲ. ಅದರ ಸುತ್ತಣ ಬೇಲಿಯನ್ನು. ವಿರಕ್ತಿಯೆಂದರೆ ಒಣಗುವುದಲ್ಲ, ‘ನನ್ನದು’ ಎಂಬುದು ಕಳಚಿ ಒಲವು ಬಯಲಾಗುವುದು.

ಶರಣಬಂಧುಗಳಿರಾ, ಪ್ರೇಮದ ಲಕ್ಷಣವನ್ನು ಪೂರ್ತಿಯಾಗಿ ಹೇಳಿ ಮುಗಿಸುವುದು ಮಾತಿಗೆ ಆಗದ ಕೆಲಸ. ಆದರೂ ಒರೆಗಲ್ಲುಗಳು ಮೂರು ಉಂಟು. ಎದುರಿಗಿರುವವರನ್ನು ಇದ್ದಂತೆ ಕಂಡೆನೇ? ಕೊಡುವಾಗ ಕೆಳಗೆ ನಿಂತೆನೇ? ಉಣಿಸಿದವರನ್ನು ಸಮನೆಂದು ಮನೆಯೊಳಗೆ ಕರೆದೆನೇ? ಈ ಮೂರನ್ನು ಪ್ರತಿಯೊಬ್ಬನೂ ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ನೋಡುವ ಹೊತ್ತಿನಲ್ಲಿ ತನ್ನನ್ನೇ ಕೇಳಿಕೊಳ್ಳಲಿ. ಅಂಗೈಯೊಳಗಿರುವಾಗ ಅದು ‘ನನ್ನ ಲಿಂಗ’. ನೋಟವು ನಟ್ಟು ಕಡೆಗೆ ಸಮರಸವಾದಾಗ ‘ನನ್ನ’ ಎಂಬುದು ಅಳಿದು ಲಿಂಗವೊಂದೇ ಉಳಿಯುವುದು. ಮನೆಯ ಮಗುವಿನಿಂದ ಮೊದಲಾದ ಪ್ರೀತಿಯು ರೈಲಿನಿಂದ ಇಳಿದ ಅಪರಿಚಿತನವರೆಗೆ ನಡೆಯುವುದೂ ಅದೇ ದಾರಿಯಲ್ಲಿ. ಆ ದಾರಿಯಲ್ಲಿ ಒಂದು ಹೆಜ್ಜೆಯಾದರೂ ಮುಂದಿಟ್ಟರೆ ಶ್ರೀಮಠದ ಈ ಮಹೋತ್ಸವವು ಸಾರ್ಥಕವಾಗುವುದು.