ಅಶ್ವಶಕ್ತಿಯ ಲೆಕ್ಕವೂ ಘಾಟಿಯ ಏರೂ

(ಬೆಂಗಳೂರಿನ ಬಸವನಗುಡಿಯಲ್ಲಿ ಮಲೆನಾಡಿನ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ದೊಡ್ಡ ಬಸವಣ್ಣನ ನೆರಳಿನಲ್ಲಿ ಕುಳಿತು ಕುದುರೆಯ ಬಲವನ್ನು ಕುರಿತು ಮಾತನಾಡಬೇಕಾಗಿದೆ. ಒಂದು ಜೋಡಿ ಎತ್ತಿನ ನಿರಂತರ ದುಡಿಮೆಯನ್ನು ಕೃಷಿ ವಿಜ್ಞಾನದಲ್ಲಿ ನಾವು ಸ್ಥೂಲವಾಗಿ ಒಂದು ಅಶ್ವಶಕ್ತಿ, ಎಂದರೆ 746 ವ್ಯಾಟ್ ಎಂದು ಎಣಿಸುತ್ತೇವೆ. ಊರಿನ ಸಣ್ಣ ಕಾರನ್ನು ಮಾರಿ, ಸಾಲ ಮಾಡಿಯಾದರೂ ಹೆಚ್ಚು ಅಶ್ವಶಕ್ತಿಯ ವಿದೇಶಿ ಕಾರನ್ನು ಕೊಳ್ಳುವಂತೆ ತಂದೆಗೆ ಹೇಳಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಉತ್ತರಕ್ಕೆ ಮೊದಲು ಲೆಕ್ಕ ಮಾಡೋಣ.

ಸ್ವದೇಶಿ ಎಂಜಿನ್ ಯಾವುದು? ಸಮೀಪದ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು ಕಂಡ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಮೂಲದ್ದು. ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯೆಟ್. 1983ರ ಮಾರುತಿ 800 ಜಪಾನಿನ ಸುಜುಕಿ. 1998ರ ಇಂಡಿಕಾದ ಡೀಸೆಲ್ ಎಂಜಿನ್ ಟಾಟಾದವರದು, ಹೊರರೂಪದ ವಿನ್ಯಾಸ ಇಟಲಿಯವರದು. ಹೀಗಾಗಿ ದೇಶದ ಹೆಸರಿಗಿಂತ ತಂತ್ರವನ್ನು ನೋಡುವುದೇ ಸರಿ.

ಅಂಬಾಸಿಡರಿನ 1,489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 50 ಅಶ್ವಶಕ್ತಿ ನೀಡುತ್ತಿತ್ತು. ಮಾರುತಿಯ 796 ಸಿಸಿ ಎಂಜಿನ್ ಸುಮಾರು 37. ಆದರೆ ಮೊದಲನೆಯದು ಒಂದು ಟನ್ನಿಗೂ ಮೀರಿದ ಭಾರ, ಎರಡನೆಯದು ಸುಮಾರು 650 ಕಿಲೋ. ಪ್ರತಿ ಕಿಲೋ ಭಾರಕ್ಕೆ ದೊರೆಯುವ ಬಲ ಸಣ್ಣ ಕಾರಿನಲ್ಲೇ ಹೆಚ್ಚು.

ಈಗ ಘಾಟಿಯನ್ನು ಏರೋಣ. ಹತ್ತು ಅಡಿ ಸಾಗಿದರೆ ಒಂದಡಿ ಮೇಲೇರುವ ರಸ್ತೆ. ಜನರೂ ಸಾಮಾನೂ ಸೇರಿ 1,000 ಕಿಲೋ. ವೇಗ ಗಂಟೆಗೆ 30 ಕಿ.ಮೀ. ಪ್ರತಿ ಸೆಕೆಂಡಿಗೆ ಆ ಭಾರ 0.83 ಮೀಟರ್ ಮೇಲೇರಬೇಕು. ಅದಕ್ಕೆ ಬೇಕಾದದ್ದು ಕೇವಲ 11 ಅಶ್ವಶಕ್ತಿ. ಟೈರಿನ ಘರ್ಷಣೆಗೂ ಗಾಳಿಯ ತಡೆಗೂ ಇನ್ನಷ್ಟು ಸೇರಿಸಿದರೂ 37ರೊಳಗೆ ಧಾರಾಳವಾಗಿ ಮುಗಿಯುತ್ತದೆ. ಎರಡು ಟನ್ನಿನ ವಾಹನಕ್ಕಾದರೋ ಏರಿಗೆಂದೇ 22 ಬೇಕು. ಏರಿನಲ್ಲಿ ಸುಡುವ ಇಂಧನವೂ ಹೆಚ್ಚುಕಡಿಮೆ ಇಮ್ಮಡಿ.

ಹಾಗಾದರೆ ಸಣ್ಣ ಕಾರು ತಿರುವಿನಲ್ಲಿ ಏದುವುದೇಕೆ? ಪೆಟ್ರೋಲ್ ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ನೀಡುವುದು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುವಾಗ. ಸುತ್ತು ಇಳಿದರೆ ಶಕ್ತಿಯೂ ಇಳಿಯುತ್ತದೆ. ಗೇರನ್ನು ಸಕಾಲದಲ್ಲಿ ಇಳಿಸುವುದೇ ಮದ್ದು. ನಮ್ಮ ಮನೆಯ ಹಳೆಯ ಸಣ್ಣ ಕಾರು ಎರಡನೇ ಗೇರಿನಲ್ಲಿ ಇಂದಿಗೂ ಘಾಟಿ ಏರುತ್ತದೆ. ವಿದ್ಯುತ್ ಮೋಟಾರಿನ ಗುಣ ಬೇರೆ. ನಿಂತಲ್ಲಿಂದಲೇ ಅದರ ಎಳೆತ ಪೂರ್ಣ. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಬೀದಿಗಿಳಿದ ರೇವಾ ಕಾರು ಸುಮಾರು 17 ಅಶ್ವಶಕ್ತಿಯ ಮೋಟಾರಿನಿಂದ ಲಂಡನ್ನಿನ ಬೀದಿಗಳಲ್ಲೂ ಓಡಿತು.

ಹೆಚ್ಚುವರಿ ಅಶ್ವಶಕ್ತಿಯ ಬೆಲೆಯನ್ನು ಕೊಳ್ಳುವವನೊಬ್ಬನೇ ತೆರುವುದಿಲ್ಲ. ವಾಹನ ಹಿಗ್ಗಿದಂತೆ ರಸ್ತೆಯೂ ಹಿಗ್ಗಬೇಕೆನ್ನುತ್ತಾರೆ; ರಸ್ತೆಗಾಗಿ ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಾಗ ಎಷ್ಟು ಅಶ್ವಶಕ್ತಿಯಿದ್ದರೂ ದಾರಿಯಿರಲಿಲ್ಲ.

ಆದ್ದರಿಂದ ಕಾರನ್ನು ಕೊಳ್ಳುವಾಗ ಮೊದಲು ಭಾರವನ್ನು ಕೇಳಿ, ಆಮೇಲೆ ಎಳೆತವನ್ನು, ಕೊನೆಗೆ ಅಶ್ವಶಕ್ತಿಯನ್ನು. ತಂದೆಗೂ ಈ ಲೆಕ್ಕವನ್ನೇ ತಿಳಿಸಿ.